ಹೋಲ್ಡ್ ಬ್ಯಾಕ್ ಅಂದರೆ ಬೆನ್ನಿಗೆ ನಿಲ್ಲುವುದಲ್ಲ

ಮಾರ್ಚ್ ಮುಗಿಯುವ ಹೊತ್ತಿಗೆ ಮಗಳ ಶಾಲೆಯಿಂದ ಫೋನ್ ಬಂತು. ಒಂಬತ್ತನೇ ತರಗತಿಯ ಪರೀಕ್ಷೆ ಆಗಷ್ಟೇ ಮುಗಿದಿತ್ತು. ತಂದೆತಾಯಿ ಬಂದು ಪ್ರಿನ್ಸಿಪಾಲರನ್ನು ಕಾಣಬೇಕು ಎಂದರು. ನನ್ನ ಗಂಡ ತಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ ಮೇಲ್ವಿಚಾರಣೆ ಮಾಡುತ್ತಾರೆ. ದ್ರಾಕ್ಷಿ ಒಣಗಿಸುವ ಹಂಗಾಮಿನಲ್ಲಿ ಅವರು ಮನೆಗೆ ಬರುವುದು ಉಣ್ಣಲಿಕ್ಕೆ ಮತ್ತು ಮಲಗಲಿಕ್ಕೆ ಮಾತ್ರ. ಫೋನ್ ಮಾಡಿ ಹೇಳಿದೆ. "ನೀನ ಹೋಗಿ ಬಾ. ಸಾಲಿ ಮಾತು ನನಗೇನ ತಿಳೀತೈತಿ?" ಎಂದು ಫೋನ್ ಇಟ್ಟರು.

ನಾನು ಮನೆಯ ಮುಂದಿನ ಕೋಣೆಯಲ್ಲಿ ಸೀರೆಗೆ ತೊಡುವ ಜಂಪರ ಹೊಲಿಯುತ್ತೇನೆ. ಅರ್ಧ ಹೊಲಿದ ಜಂಪರದ ತೋಳನ್ನು ಮಷೀನಿನ ಮೇಲೆಯೇ ಬಿಟ್ಟು, ಸೀರೆ ಬದಲಿಸಿ, ಒಂದು ಡಬ್ಬಿಯ ತುಂಬ ಒಳ್ಳೆಯ ಒಣದ್ರಾಕ್ಷಿ ತುಂಬಿಕೊಂಡು ಹೊರಟೆ. ಮಾಸ್ತರರನ್ನು ನೋಡಲು ಬರಿಗೈಯಲ್ಲಿ ಹೋಗಬಾರದು ಎಂದು ತವರೂರು ಘೋಣಸಗಿಯಲ್ಲಿ ನಮ್ಮವ್ವ ಕಲಿಸಿದ್ದಳು.

ಅಥಣಿ ರಸ್ತೆಯ ನಮ್ಮ ಬಡಾವಣೆಯಿಂದ ಶಾಲೆ ದೂರವೇನಿಲ್ಲ. ಗೇಟು ದಾಟಿದ ಕೂಡಲೇ, ಆವರಣದಲ್ಲಿ ಇಂಗ್ಲಿಷ್ ಮಾತ್ರ ಮಾತಾಡಬೇಕು ಎಂಬ ಬೋರ್ಡು. ಅದನ್ನು ನೋಡಿದಾಗಲೆಲ್ಲ ನನ್ನ ನಾಲಗೆ ಒಣಗುತ್ತಿತ್ತು. ನಾನು ಓದಿದ್ದು ತಿಕೋಟಾದಲ್ಲಿ, ಕನ್ನಡ ಮಾಧ್ಯಮದಲ್ಲಿ, ಪಿಯುಸಿವರೆಗೆ. ಇಂಗ್ಲಿಷಿನಲ್ಲಿ ಪಾಸಾಗಿದ್ದೆ. ಬಿಡಿಬಿಡಿ ಶಬ್ದಗಳು ಸಾಕಷ್ಟು ಗೊತ್ತಿದ್ದವು. ಅದೇ ನನ್ನನ್ನು ಕೆಡಿಸಿತು. ಏನೂ ಗೊತ್ತಿರದಿದ್ದರೆ ಯಾರನ್ನಾದರೂ ಕೇಳುತ್ತಿದ್ದೆ.

ಪ್ರಿನ್ಸಿಪಾಲರು ಫೈಲಿನಿಂದ ತಲೆ ಎತ್ತಿ ನಯವಾಗಿ ಹೇಳಿದರು: "ಮೇಡಂ, ವಿ ಹ್ಯಾವ್ ಥಾಟ್ ಇಟ್ ಓವರ್. ವಿ ವಿಲ್ ಹೋಲ್ಡ್ ಹರ್ ಬ್ಯಾಕ್. ಇಟ್ ವಿಲ್ ಹೆಲ್ಪ್ ಹರ್."

ಹೋಲ್ಡ್ ಅಂದರೆ ಹಿಡಿಯುವುದು. ಬ್ಯಾಕ್ ಅಂದರೆ ಬೆನ್ನು. ಜಂಪರ ಹೊಲಿಯುವವಳಿಗೆ ಬ್ಯಾಕ್ ಗೊತ್ತಿರುವುದಿಲ್ಲವೇ? ಫ್ರಂಟು, ಬ್ಯಾಕು ಎಂದು ದಿನಾ ಅಳತೆ ಬರೆದುಕೊಳ್ಳುವವಳು ನಾನು. ಹೆಲ್ಪ್ ಅಂತೂ ಎಲ್ಲರಿಗೂ ಗೊತ್ತು. ಮಗಳು ಗಣಿತದಲ್ಲಿ ಸ್ವಲ್ಪ ಮೆತ್ತಗೆ. ಹತ್ತನೇ ತರಗತಿಯಲ್ಲಿ ಅವಳ ಬೆನ್ನಿಗೆ ನಿಲ್ಲುತ್ತೇವೆ, ಸಹಾಯ ಮಾಡುತ್ತೇವೆ ಎನ್ನುತ್ತಿದ್ದಾರೆ ಎಂದು ತಿಳಿದುಕೊಂಡೆ. ನನ್ನ ಕಣ್ಣಲ್ಲಿ ನೀರು ಬಂತು.

"ಥ್ಯಾಂಕ್ಯೂ ಸರ್. ಥ್ಯಾಂಕ್ಯೂ ವೆರಿ ಮಚ್," ಎಂದೆ. ಡಬ್ಬಿಯನ್ನು ಮೇಜಿನ ಮೇಲಿಟ್ಟೆ.

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಈ ಹೆಣ್ಣುಮಗಳಿಗೆ ತಿಳಿದಿಲ್ಲ ಎಂದು ಅವರಿಗೆ ಆಗಲೇ ಗೊತ್ತಾಗಿರಬೇಕು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಡಬ್ಬಿಯನ್ನು ಮೇಜಿನ ಖಾನೆಯೊಳಗೆ ಇಟ್ಟುಕೊಂಡು, "ಮಾರ್ಕ್ಸ್ ಕಾರ್ಡ್ ಇನ್ ಜೂನ್, ಮೇಡಂ," ಎಂದರು.

ಮನೆಗೆ ಬಂದಾಗ ಮಗಳು ಬಾಗಿಲಲ್ಲೇ ನಿಂತಿದ್ದಳು. "ಏನಂದ್ರ ಬೇ?"

"ನಿನ್ನ ಬೆನ್ನಿಗೆ ನಿಲ್ತಾರಂತ. ಚೊಲೋ ಮಂದಿ ಅದಾರ. ನೀ ಅಷ್ಟ ಕಷ್ಟಪಟ್ಟು ಓದು," ಎಂದೆ.

ಜೂನಿನಲ್ಲಿ ಶಾಲೆ ಶುರುವಾಗುವ ಮುಂಚೆ ಅವಳ ಸ್ಕರ್ಟಿನ ಅಂಚು ಬಿಚ್ಚಿ ಎರಡು ಬೆರಳು ಉದ್ದ ಮಾಡಿಕೊಟ್ಟೆ. ಹತ್ತನೇ ತರಗತಿಯ ಪುಸ್ತಕಗಳಿಗೆ ರಟ್ಟು ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹೆಣೆಸಿಕೊಂಡು ಹೋದಳು. ಮಧ್ಯಾಹ್ನದ ಬಿಸಿಲಿನಲ್ಲಿ ಒಬ್ಬಳೇ ನಡೆದುಕೊಂಡು ಬಂದಳು. ಚೀಲ ಒಗೆದು, ನೀರನ್ನೂ ಕುಡಿಯದೆ ಗೋಡೆಗೆ ಮುಖ ಮಾಡಿ ಮಲಗಿದಳು. ನಾನು ಅವಳ ಹೆಗಲು ಹಿಡಿದು ತಿರುಗಿಸಿ, ಏನಾಯಿತೆಂದು ಕೇಳಿದೆ.

"ನನ್ನ ಒಂಬತ್ತನೇತ್ತದಾಗ ಕುಂಡ್ರಸ್ಯಾರ. ಹತ್ತನೇತ್ತದ ವರ್ಗದಿಂದ ಎಲ್ಲಾರ ಮುಂದ ಎಬ್ಬಿಸಿ ಕಳಿಸಿದ್ರು. ನನಗಿಂತ ಸಣ್ಣ ಹುಡುಗಿಯರ ಜೋಡಿ..." ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಬಿಕ್ಕು ಬಂತು. ಆಮೇಲೆ ನನ್ನ ಕೈ ಕೊಸರಿಕೊಂಡು ಅಂದಳು: "ನಿಮ್ಮವ್ವಗ ಹೇಳೇವಿ, ಆಕಿ ಥ್ಯಾಂಕ್ಯೂ ಅಂದಾಳ ಅಂದ್ರು. ನೀ ಯಾಕ ಥ್ಯಾಂಕ್ಯೂ ಅಂದಿ ಬೇ?"

ಸಿಟ್ಟು ಎನ್ನುವುದು ಕಾಲಿನಿಂದ ಮೇಲಕ್ಕೆ ಏರುತ್ತದೆ ಎಂದು ನನಗೆ ಅವತ್ತು ತಿಳಿಯಿತು. ಚಪ್ಪಲಿ ಮೆಟ್ಟಿಕೊಂಡು ಶಾಲೆಗೆ ನಡೆದೇ ಬಿಟ್ಟೆ. ಬೋರ್ಡನ್ನು ನೋಡಲೂ ಇಲ್ಲ.

"ನನ್ನ ಮಗಳು ಫೇಲಾಗ್ಯಾಳೇನ್ರಿ?" ಎಂದು ಪ್ರಿನ್ಸಿಪಾಲರ ಕೋಣೆಯ ಬಾಗಿಲಿನಿಂದಲೇ ಕೇಳಿದೆ.

"ನಾಟ್ ಫೇಲ್, ಮೇಡಂ. ಐ ಟೋಲ್ಡ್ ಯು ಕ್ಲಿಯರ್ಲಿ. ಐ ಸೆಡ್ ಹೋಲ್ಡ್ ಬ್ಯಾಕ್. ಯು ಅಗ್ರೀಡ್."

"ಹೋಲ್ಡ್ ಬ್ಯಾಕ್ ಅಂದ್ರೇನ್ರಿ?"

ಅವರು ಕನ್ನಡಕ ತೆಗೆದರು. ಮತ್ತು ನಮ್ಮ ಕನ್ನಡದಲ್ಲೇ, ನಮ್ಮಪ್ಪ ಮಾತಾಡುವ ಕನ್ನಡದಲ್ಲೇ ಹೇಳಿದರು: "ಅದ ವರ್ಗದಾಗ ಇಟ್ಕೊಳ್ಳೂದ್ರಿ ತಂಗಿ. ಮುಂದ ಬಿಡಂಗಿಲ್ಲ ಅಂತ. ಗಣಿತದಾಗ ಆಕಿ ಭಾಳ ಕಡಿಮಿ ಅದಾಳ. ಹತ್ತನೇತ್ತದಾಗ ಕುಂತ್ಲಂದ್ರ ಸಾಲಿ ರಿಸಲ್ಟ್ ಕೆಡತೈತಿ. ನಮಗ ಪೂರಾ ರಿಸಲ್ಟ್ ಬರಬೇಕ್ರಿ."

ಈ ಮನುಷ್ಯನಿಗೆ ಕನ್ನಡ ಬರುತ್ತಿತ್ತು! ಮಾರ್ಚಿನಲ್ಲಿ ಈ ಕನ್ನಡ ಎಲ್ಲಿ ಹೋಗಿತ್ತು? ನಾಲ್ಕು ಶಬ್ದಗಳಲ್ಲಿ ಹೇಳಬಹುದಾಗಿದ್ದನ್ನು ನನಗೆ ತಿಳಿಯದ ಮಾತಿನಲ್ಲಿ ಸುತ್ತಿ ಕೈಗಿಟ್ಟಿದ್ದರು. ನಾನು ಅದನ್ನು ಕಣ್ಣಿಗೊತ್ತಿಕೊಂಡು ಬಂದಿದ್ದೆ. ಪಕ್ಕದಲ್ಲಿ ನಿಂತ ಕ್ಲಾರ್ಕು ತುಟಿ ಕಚ್ಚಿ ನಗು ತಡೆಯುತ್ತಿದ್ದ. ಮಾರ್ಕ್ಸ್ ಕಾರ್ಡ್ ಕೇಳಿದೆ, ಬೇರೆ ಶಾಲೆಗೆ ಹಾಕಲು ಟಿ.ಸಿ. ಕೇಳಿದೆ. "ವಿ ವಿಲ್ ಲುಕ್ ಇನ್‌ಟು ಇಟ್," ಎಂದರು. ಮತ್ತೆ ಇಂಗ್ಲಿಷ್.

ಸಂಜೆ ಗಂಡ ಬಂದಾಗ ಎಲ್ಲ ಹೇಳಿದೆ. ಅವರು ಕೈಕಾಲು ತೊಳೆದುಕೊಂಡು, ಟವೆಲಿನಿಂದ ಒರೆಸಿಕೊಳ್ಳುತ್ತ, "ತಿಳೀಲಿಲ್ಲಂದ್ರ ಆವಾಗ ಕೇಳಬೇಕಿತ್ತಿಲ್ಲೋ?" ಎಂದರು.

"ನೀವು ಬಂದಿದ್ರ ನೀವು ಕೇಳತಿದ್ರೇನು? ನೀವೂ ಥ್ಯಾಂಕ್ಯೂ ಅಂದು, ಎರಡ ಡಬ್ಬಿ ಕೊಟ್ಟು ಬರತಿದ್ರಿ," ಎಂದೆ. ನಮ್ಮ ಮದುವೆಯಾದಂದಿನಿಂದ ಅವರಿಗೆ ಹಾಗೆ ಮಾತಾಡಿರಲಿಲ್ಲ. ರೊಟ್ಟಿ ಬಡಿಯುವಾಗ ನನ್ನ ಕೈಯ ಸಪ್ಪಳ ಪಕ್ಕದ ಮನೆಗೂ ಕೇಳಿರಬೇಕು.

ಮರುದಿನ ನಗರದ ಇನ್ನೊಂದು ಕಡೆಯ ಇಬ್ರಾಹಿಂಪುರಕ್ಕೆ ಹೋದೆ. ತಿಕೋಟಾದ ಹೈಸ್ಕೂಲಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಅಕ್ಕೋರು ನಿವೃತ್ತರಾಗಿ ಅಲ್ಲಿ, ರೈಲ್ವೆ ಹಳಿಯ ಹತ್ತಿರ ಮನೆ ಕಟ್ಟಿಕೊಂಡಿದ್ದಾರೆ. ನನಗೆ ಆಶೀರ್ವಾದ ಬೇಕಿರಲಿಲ್ಲ, ಸಲಹೆಯೂ ಬೇಕಿರಲಿಲ್ಲ. ಜಗಳ ಬೇಕಿತ್ತು. ಅವರು ಬಾಗಿಲು ತೆರೆದು, "ಯಾರವ್ವಾ ನೀ?" ಎನ್ನುವಷ್ಟರಲ್ಲಿ ನನ್ನ ಬಾಯಿ ಬಿಚ್ಚಿತು.

"ಮೂರು ವರ್ಷ ನಿಮ್ಮ ಹಂತೇಲಿ ಇಂಗ್ಲಿಷ್ ಕಲಿತೇನ್ರಿ ಅಕ್ಕೋರ. ಪಾಸೂ ಆಗೇನಿ. ಹೋಲ್ಡ್ ಬ್ಯಾಕ್ ಅಂದ್ರೇನಂತ ಯಾಕ ಕಲಿಸಲಿಲ್ಲ ನೀವು?"

ಅವರು ನನ್ನನ್ನು ಒಳಗೆ ಕರೆದು ಕೂರಿಸಿದರು. ಗೋಡೆಯ ಮೇಲೆ ಬುದ್ಧನ ಫೋಟೊ, ಅದರ ಕೆಳಗೆ ಮಕ್ಕಳು ನೌಕರಿಗೆ ಸೇರಿದಾಗಿನ ಫೋಟೊಗಳು. ನಾನು ನಡೆದದ್ದನ್ನೆಲ್ಲ ಹೇಳಿದೆ.

"ಕಲಿಸಲಿಲ್ಲ. ಖರೇ ಐತಿ," ಎಂದರು. "ಪರೀಕ್ಷಾಕ್ಕ ಏನ ಬರತಿತ್ತು ಅದನ್ನ ಕಲಿಸಿದೆ. ಮಂದಿ ಏನ ಮಾತಾಡ್ತಾರ ಅದನ್ನ ಕಲಿಸಲಿಲ್ಲ. ನನಗ ಅದನ್ನ ಯಾರೂ ಕಲಿಸಿರಲಿಲ್ಲ. ನಮ್ಮ ಓಣ್ಯಾಗ ಇಂಗ್ಲಿಷ್ ಕಲಿತ ಮೊದಲನೇ ಹುಡುಗಿ ನಾನು. ನಿಮ್ಮಂಥವರಿಗೆ ಇಂಗ್ಲಿಷ್ ಯಾಕ ಅಂತ ಅಂದ್ರು. ಆ ಸಿಟ್ಟಿಲೇನ ಕಲಿತೆ. ನಿನಗೂ ಈಗ ಸಿಟ್ಟು ಬಂದೈತಿ. ಅದು ಆರಿ ಹೋಗೂ ಮುಂಚೆ ದಿನಾ ಬಾ."

ದಿನಾ ಹೋದೆ. ಬೆಳಗಿನ ಕೆಲಸ ಮುಗಿಸಿ, ಹೊಲಿಯುವ ಬಟ್ಟೆ ಬದಿಗಿಟ್ಟು ಹೋಗುತ್ತಿದ್ದೆ. ಹೋಗುವಾಗ ಶಾಲೆಗೆ ಹೊಕ್ಕು ಟಿ.ಸಿ. ಕೇಳುವುದು, ಅವರು ಇಂಗ್ಲಿಷಿನಲ್ಲಿ ಏನಾದರೊಂದು ಹೇಳಿ ಕಳಿಸುವುದು, ಆ ಮಾತನ್ನು ಬಾಯಲ್ಲೇ ಹಿಡಿದುಕೊಂಡು ಇಬ್ರಾಹಿಂಪುರಕ್ಕೆ ಒಯ್ಯುವುದು. ಲುಕ್ ಇನ್‌ಟು ಅಂದರೆ ಒಳಗೆ ಇಣುಕುವುದಲ್ಲ, ವಿಚಾರಣೆ ಮಾಡುವುದು. ಅಕ್ಕೋರು ಹೇಳಿದರು, "ಹಂಗಂದವರು ಭಾಳ ಸಲ ಏನೂ ಮಾಡಂಗಿಲ್ಲ." ಹೋಲ್ಡ್ ಆನ್ ಅಂದರೆ ತಡಿ. ಅದೇ ಹೋಲ್ಡ್, ಬಾಲ ಬದಲಾದರೆ ಅರ್ಥವೇ ಬೇರೆ. ಹೋಲ್ಡ್ ಅಪ್ ಅಂದರೆ ತಡವಾಗುವುದು, ದರೋಡೆಯೂ ಹೌದು. ಇದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು.

"ಪುಟ್ ಅಪ್ ವಿತ್ ಅಂದ್ರ ಸೈರಿಸಿಕೊಳ್ಳೂದಂತೀರಿ. ಪುಟ್ ಅಂದ್ರ ಇಡು, ಅಪ್ ಅಂದ್ರ ಮ್ಯಾಲೆ, ವಿತ್ ಅಂದ್ರ ಜೋಡಿ. ಈ ಮೂರರಾಗ ಸೈರಣಿ ಎಲ್ಲೈತ್ರಿ? ಇದೇನ ಭಾಷಾನೋ ಮೋಸಾನೋ?"

ಅಕ್ಕೋರು ನಕ್ಕರು. "ಕೈ ಕೊಟ್ಟ ಅಂದ್ರೇನು? ಕೈ ಹಿಡಿದ ಅಂದ್ರ? ಕೈ ಬಿಟ್ಟ, ಕೈ ಎತ್ತಿದ, ಕೈ ಮಾಡಿದ? ಕೈ ಅಂದ್ರೇನಂತ ತಿಳಿದಾಂವಗ ಇವೆಲ್ಲಾ ತಿಳೀತಾವೇನು? ಭಾಷಾದಾಗ ಮೋಸ ಇಲ್ಲವ್ವಾ. ಆಡಾಂವನ ಮನಸ್ಸಿನ್ಯಾಗ ಇರತೈತಿ."

ಆ ಮಾತು ಸರಿ ಎನ್ನಿಸಿದರೂ ನನ್ನ ಸಿಟ್ಟು ಇಳಿಯಲಿಲ್ಲ. ಆದರೆ ಪಾಠ ತಲೆಗೆ ಹತ್ತಲು ಶುರುವಾಯಿತು. ಅಕ್ಕೋರು ನನ್ನ ಕಸುಬಿನಿಂದಲೇ ಹಿಡಿದರು. ಜಂಪರ ಸಡಿಲಾದರೆ ಹೊಲಿಗೆ ಒಳಗೆ ತೆಗೆದುಕೊಂಡು ಬಿಗಿ ಮಾಡುವುದು ಟೇಕ್ ಇನ್. ಬಿಗಿಯಾದರೆ ಬಿಡುವುದು ಲೆಟ್ ಔಟ್. ಅಂಚು ಬಿಚ್ಚಿ ಉದ್ದ ಮಾಡುವುದು ಲೆಟ್ ಡೌನ್. ಇಷ್ಟು ಹೇಳಿ, "ಇವ ಮಾತು ಮನಷ್ಯಾಗೂ ಬರತಾವ," ಎಂದರು. ಟೇಕ್ ಇನ್ ಅಂದರೆ ಮೋಸಗೊಳಿಸುವುದು. ಲೆಟ್ ಡೌನ್ ಅಂದರೆ ನಂಬಿದವರಿಗೆ ಕೈ ಕೊಡುವುದು. ಅವತ್ತು ಮನೆಗೆ ಬಂದು ಮಷೀನಿನ ಮುಂದೆ ಕುಳಿತರೆ ದಾರ ಪೋಣಿಸಲೂ ಆಗಲಿಲ್ಲ. ಎರಡು ಬೆರಳು ಉದ್ದ ಮಾಡಿದ ಆ ಸ್ಕರ್ಟು ಎದುರಿನ ಗೂಟಕ್ಕೆ ತೂಗುತ್ತಿತ್ತು.

ಮಗಳು ಶಾಲೆಗೆ ಹೋಗುವುದನ್ನು ಬಿಟ್ಟಿದ್ದಳು. ಮನೆಯಲ್ಲಿ ಯಾರೊಂದಿಗೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಒಂದು ದಿನ ತಾನಾಗಿಯೇ ಚಪ್ಪಲಿ ಮೆಟ್ಟಿಕೊಂಡು ನನ್ನ ಹಿಂದೆ ಬಂದಳು. ಅಕ್ಕೋರ ಮನೆಯ ಹೊಸ್ತಿಲಲ್ಲಿ ಕುಳಿತು, ನಾನು ಶಬ್ದ ತಪ್ಪಾಗಿ ಉಚ್ಚರಿಸಿದಾಗಲೆಲ್ಲ ಮುಖ ಕಿವುಚುತ್ತಿದ್ದಳು. ಅಕ್ಕೋರು ಅವಳನ್ನು ಬೈಯಲಿಲ್ಲ. ಗಿವ್ ಎಂಬ ಶಬ್ದ ಎತ್ತಿಕೊಂಡರು. ಗಿವ್ ಇನ್, ಗಿವ್ ಅಪ್, ಗಿವ್ ಔಟ್. ಗಿವ್ ಆಫ್ ಅಂದರೆ ಹೊರಗೆ ಬಿಡುವುದು, ಹೊಗೆ, ವಾಸನೆ, ಅನಿಲ ಹೀಗೆ.

ಹೊಸ್ತಿಲಿನಿಂದ ಸಣ್ಣ ದನಿ ಬಂತು. "ಹೊರಗ ಬಿಡೂದೇನ್ರಿ?"

"ಹೌದವ್ವಾ. ಯಾಕ?"

ಅವಳು ಎದ್ದು ಒಳಗೆ ಬಂದಳು. ವಿಜ್ಞಾನದ ಪರೀಕ್ಷೆಯಲ್ಲಿ, ಯಾವ ಅನಿಲ ಗಿವನ್ ಆಫ್ ಆಗುತ್ತದೆ ಎಂಬ ಪ್ರಶ್ನೆ ಇತ್ತಂತೆ. "ಆಫ್ ಅಂದ್ರ ಬಂದ್ ಅಂತ ತಿಳಕೊಂಡೆ. ಲೈಟ್ ಆಫ್ ಮಾಡ್ತೀವಲ್ರಿ, ಹಂಗ. ಯಾವ ಅನಿಲಾನೂ ಇಲ್ಲ ಅಂತ ಬರದೆ." ಉತ್ತರ ಅವಳಿಗೆ ಗೊತ್ತಿತ್ತು. ಆ ಪ್ರಯೋಗವನ್ನು ಕನ್ನಡದಲ್ಲಿ ನಮಗೆ ಪೂರ್ತಿ ವಿವರಿಸಿದಳು, ಕೈ ಆಡಿಸುತ್ತ. ಗಣಿತದಲ್ಲೂ ಹಾಗೆಯೇ ಆಗಿತ್ತು. ಲೆಕ್ಕ ಬರುತ್ತಿತ್ತು. ಆದರೆ ಟೇಕನ್ ಅವೇ, ಲೆಫ್ಟ್ ಓವರ್, ಮೇಡ್ ಅಪ್ ಆಫ್ ಎಂದು ಸುತ್ತಿದ ಪ್ರಶ್ನೆಗಳಲ್ಲಿ ಏನನ್ನು ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಕೇಳಿದರೆ ಮಂದಿ ನಗುತ್ತಾರೆಂದು ಕೇಳಿರಲಿಲ್ಲ.

ಎಲ್‌ಕೆಜಿಯಿಂದ ಅದೇ ಶಾಲೆ. ಅಷ್ಟು ವರ್ಷ ಪ್ರತಿ ಬೆಳಿಗ್ಗೆ ಟೈ ಕಟ್ಟಿ ಕಳಿಸಿದ್ದೇನೆ. ಅವಳು ಮನೆಗೆ ಬಂದು ಇಂಗ್ಲಿಷ್ ಪದ್ಯ ಒಪ್ಪಿಸಿದರೆ ಓಣಿಯವರನ್ನೆಲ್ಲ ಕರೆದು ಕೇಳಿಸಿದ್ದೇನೆ. ಕನ್ನಡ ಮಾತಾಡಿದರೆ ದಂಡ ಹಾಕುವ ಆ ಶಾಲೆ, ಆಫ್ ಎಂಬ ಒಂದು ಚೂರು ಶಬ್ದ ಏನೇನು ಮಾಡುತ್ತದೆ ಎಂದು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡದೆ, ನೀನು ದಡ್ಡಿ ಎಂದು ಹಿಂದಕ್ಕೆ ಕೂರಿಸಿತ್ತು. ಅವತ್ತು ಇಬ್ರಾಹಿಂಪುರದಿಂದ ಬರುವಾಗ ಆಟೊದವನ ಜೊತೆಗೂ ಜಗಳವಾಡಿದೆ. ಪಾಪ, ಅವನದೇನೂ ತಪ್ಪಿರಲಿಲ್ಲ.

ದಿನಗಳು ಹೋಗುತ್ತಿದ್ದವು. ನಗರದ ಬೇರೆ ಶಾಲೆಗಳಲ್ಲಿ ಕೇಳಿದರೆ, ನೇರ ಹತ್ತನೇ ತರಗತಿಗೆ ಯಾರನ್ನೂ ತೆಗೆದುಕೊಳ್ಳುವುದಿಲ್ಲ ಎಂದರು. ಅಕ್ಕೋರ ಹಳೆಯ ವಿದ್ಯಾರ್ಥಿನಿಯೊಬ್ಬರು ಬಬಲೇಶ್ವರದ ಕಡೆಯ ಹೈಸ್ಕೂಲೊಂದರಲ್ಲಿ ಮುಖ್ಯ ಶಿಕ್ಷಕಿ. ಅಲ್ಲಿ ಇಂಗ್ಲಿಷ್ ಮಾಧ್ಯಮದ ಒಂದು ವರ್ಗವೂ ಇತ್ತು. "ಪಾಸಾದ ಮಾರ್ಕ್ಸ್ ಕಾರ್ಡ್, ಟಿ.ಸಿ. ತಗೊಂಡ ಬರ್ರಿ. ಲಗೂನ ಬರ್ರಿ," ಎಂದು ಫೋನಿನಲ್ಲಿ ಹೇಳಿದರು.

ಮರುದಿನ ಗಂಡ ತಾವಾಗಿಯೇ ರಜೆ ಹಾಕಿ ನನ್ನ ಜೊತೆ ಮಗಳ ಶಾಲೆಗೆ ಬಂದರು. ಪ್ರಿನ್ಸಿಪಾಲರು ನಮ್ಮನ್ನು ಕೂರಲೂ ಹೇಳಲಿಲ್ಲ. ನನ್ನ ಮಾತು ಅರ್ಧದಲ್ಲಿರುವಾಗಲೇ ಕ್ಲಾರ್ಕಿನತ್ತ ತಿರುಗಿ, ನಾವು ಮೇಜು ಕುರ್ಚಿಗಳೋ ಎಂಬಂತೆ, ನಮ್ಮ ಎದುರಿಗೇ ಹೇಳಿದರು: "ಪುಟ್ ದೆಮ್ ಆಫ್ ಟಿಲ್ ಮಂಡೇ. ದೇ ವಿಲ್ ಗಿವ್ ಅಪ್."

ಅಕ್ಕೋರ ಮನೆಯಲ್ಲಿ ನಾನು ಕೆಲವು ಇಂಗ್ಲಿಷ್ ವಾಕ್ಯಗಳನ್ನು ತಯಾರು ಮಾಡಿಕೊಂಡು ಹೋಗಿದ್ದೆ. ಕನ್ನಡಿಯ ಮುಂದೆ ಹೇಳಿ ನೋಡಿದ್ದೆ. ಒಂದೂ ನೆನಪಿಗೆ ಬರಲಿಲ್ಲ. ಬಂದದ್ದು ನನ್ನ ಕನ್ನಡ.

"ಸ್ವಾಮಾರ ತನಕ ಸಾಗಹಾಕು, ಆಮ್ಯಾಗ ತಾವ ಕೈಬಿಡ್ತಾರ ಅಂದ್ರಿ ಹೌದಿಲ್ರಿ? ನನಗ ತಿಳೀತ್ರಿ ಸರ. ಎಲ್ಲಾ ತಿಳೀತು. ಮಾರ್ಚಿನ್ಯಾಗ ನನಗ ತಿಳಿದಿರಲಿಲ್ಲ, ಅದು ನಿಮಗ ಗೊತ್ತಿತ್ತು. ಗೊತ್ತಿದ್ದೂ ನನ್ನ ಥ್ಯಾಂಕ್ಯೂ ತಗೊಂಡ್ರಿ. ನನ್ನ ಮಗಳು ಪಾಸಾಗ್ಯಾಳೋ ಇಲ್ಲೋ, ಅಷ್ಟ ಹೇಳ್ರಿ. ಕನ್ನಡದಾಗ ಹೇಳ್ರಿ, ಅವರಿಗೂ ತಿಳೀಲಿ," ಎಂದು ಗಂಡನ ಕಡೆ ಕೈ ಮಾಡಿದೆ.

ನನ್ನ ದನಿ ಎಷ್ಟು ಏರಿತ್ತೆಂದರೆ ವರಾಂಡದಲ್ಲಿ ಫೀಸು ಕಟ್ಟಲು ನಿಂತಿದ್ದವರು ಬಾಗಿಲಿಗೆ ಬಂದರು. "ಕಾಮ್ ಡೌನ್ ಮೇಡಂ," ಎಂದರು ಪ್ರಿನ್ಸಿಪಾಲರು. ಅದು ಕೂಡ ಗೊತ್ತಿತ್ತು ನನಗೆ. "ಶಾಂತ ಆಗಂಗಿಲ್ರಿ," ಎಂದೆ.

ಆಗ ನನ್ನ ಗಂಡ ಗೋಡೆಯ ಬದಿಯ ಎರಡು ಕುರ್ಚಿ ಎಳೆದು ತಂದು ಮೇಜಿನ ಎದುರಿಗೆ ಹಾಕಿದರು. ಒಂದರಲ್ಲಿ ತಾವು ಕುಳಿತರು. "ಕುಂಡ್ರು," ಎಂದು ನನಗೆ ಹೇಳಿ, ಪ್ರಿನ್ಸಿಪಾಲರ ಕಡೆ ನೋಡಿದರು. "ಕಾಗದ ಕೈಯಾಗ ಬರೂ ತನಕ ನಾವಿಲ್ಲೇ ಕುಂತಿರತೀವ್ರಿ. ನಮಗೇನ ಅವಸರಿಲ್ಲ."

ಮಧ್ಯಾಹ್ನದೊಳಗೆ ಎರಡೂ ಕಾಗದ ಕೈಗೆ ಬಂದವು. ಎಲ್ಲ ವಿಷಯಗಳಲ್ಲೂ ಮಗಳು ಪಾಸಾಗಿದ್ದಳು. ಗಣಿತದಲ್ಲಿ ಅಂಚಿನ ಮೇಲೆ, ಆದರೆ ಪಾಸು. ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತು ಗಂಡ ಆ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಪಾಸಾದ ಹುಡುಗೀನ ಹಿಂಗ ಮಾಡ್ಯಾರಲ್ಲ," ಎಂದರು. ಸಿಟ್ಟು ಅವರಿಗೂ ಬಂತು. ತಡವಾಗಿ ಬಂದರೂ ಬಂತಲ್ಲ ಎಂದುಕೊಂಡೆ.

ಒಂದು ವರ್ಷ ಮಗಳು ಬಸ್ಸಿನಲ್ಲಿ ಬಬಲೇಶ್ವರಕ್ಕೆ ಓಡಾಡಿದಳು. ಅಲ್ಲಿಯ ಗಣಿತದ ಮಾಸ್ತರರು ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಬಿಡಿಸಿ, ಮತ್ತೆ ಇಂಗ್ಲಿಷಿನಲ್ಲಿ ಬರೆಸುತ್ತಿದ್ದರಂತೆ. ರವಿವಾರ ನಾವಿಬ್ಬರೂ ಅಕ್ಕೋರ ಮನೆಗೆ ಹೋಗುತ್ತಿದ್ದೆವು. ಮಗಳು ನನಗಿಂತ ಬೇಗ ಕಲಿತಳು, ನನ್ನ ತಪ್ಪು ಹಿಡಿದು ನಗುವಷ್ಟು ಹಗುರಾದಳು. ಹತ್ತನೇ ತರಗತಿ ಪಾಸಾದಳು. ಪೇಪರಿನಲ್ಲಿ ಫೋಟೊ ಬರುವಂಥ ಅಂಕಗಳಲ್ಲ. ಮೊದಲ ದರ್ಜೆ, ಅಷ್ಟೇ. ಗಣಿತದಲ್ಲೂ ಚೆನ್ನಾಗಿಯೇ ಬಂದಿತ್ತು. ನನಗೆ ಅಷ್ಟು ಬೇಕಾಗಿತ್ತು.

ಅದೇ ವಾರ ಅಥಣಿ ರಸ್ತೆಯ ಮೇಲೆ ಅವಳ ಹಳೆಯ ಶಾಲೆಯ ದೊಡ್ಡ ಬ್ಯಾನರು ಎದ್ದಿತು. ನೂರಕ್ಕೆ ನೂರು ಫಲಿತಾಂಶ. ಬ್ಯಾನರಿನ ಮೇಲೆ ನಗುವ ಮಕ್ಕಳ ಮೇಲೆ ನನಗೇನೂ ಕೋಪವಿಲ್ಲ. ಆದರೆ ಆ ಜೂನಿನಲ್ಲಿ ನನ್ನ ಮಗಳ ಜೊತೆಗೆ ಇನ್ನೂ ಕೆಲವರನ್ನು ಎಬ್ಬಿಸಿ ಕಳಿಸಿದ್ದರು. ಅವರ ಮುಖಗಳನ್ನು ಯಾವ ಬ್ಯಾನರಿನಲ್ಲಿ ಹುಡುಕಬೇಕು?

ಅವರಲ್ಲಿ ಒಬ್ಬಳ ತಾಯಿ ನನ್ನಲ್ಲಿ ಜಂಪರ ಹೊಲಿಸುವವಳು. ಆ ಜೂನಿನಲ್ಲೇ ಅವಳಿಗೆ, ಬಾ, ಇಬ್ಬರೂ ಕೂಡಿ ಕೇಳೋಣ ಎಂದಿದ್ದೆ. ಸಾಲಿಯವರು ಹೇಳಿದ್ದರಲ್ಲಿ ಸುಳ್ಳಿರುತ್ತದೆಯೇ ಎಂದು ಸುಮ್ಮನಾಗಿದ್ದಳು. ಅವಳ ಮಗಳು ನಾಚಿಕೆಗೆ ಶಾಲೆ ಬಿಟ್ಟು ಮನೆಯಲ್ಲಿ ಕುಳಿತಿದ್ದಳು. ಫಲಿತಾಂಶ ಬಂದ ಮೇಲೆ ಒಂದು ಮುಂಜಾನೆ ಆ ತಾಯಿ ಹುಡುಗಿಯನ್ನು ಕರೆದುಕೊಂಡು ಬಂದಳು.

"ಮನ್ಯಾಗ ಖಾಲಿ ಕುಂತಾಳ್ರಿ ಅಕ್ಕಾ. ನಿಮ್ಮ ಹಂತೇಲಿ ಹೊಲಗಿನಾರ ಕಲೀಲಿ."

ಹುಡುಗಿ ನೆಲ ನೋಡುತ್ತ ನಿಂತಿತ್ತು. ನನ್ನ ಸಿಟ್ಟು ಮತ್ತೆ ಕಾಲಿನಿಂದ ಏರತೊಡಗಿತು. ನನ್ನ ಮಗಳು ಒಳಗಿನಿಂದ ಬಂದು ತನ್ನ ಹಳೆಯ ಗೆಳತಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

"ಹೊಲಗಿ ಕಲಸ್ತೀನಿ," ಎಂದೆ. "ಆದ್ರ ರವಿವಾರ ನನ್ನ ಜೋಡಿ ಇಬ್ರಾಹಿಂಪುರಕ್ಕ ಕಳಸಬೇಕು. ಹತ್ತನೇತ್ತ ಹೊರಗಿನಿಂದ ಕಟ್ಟಿ ಬರಿಯಾಕ ಬರತೈತೇನು, ಅಕ್ಕೋರನ್ನ ಕೇಳೂಣು."

"ಯಾಕ್ರಿ ಅಕ್ಕಾ? ಹುಡುಗಿ ಫೇಲಾಗೈತಲ್ರಿ?"

ಮಾರ್ಕ್ಸ್ ಕಾರ್ಡ್ ನೋಡಿದಿಯೇನು ಎಂದು ಕೇಳಿದೆ. ನೋಡಿರಲಿಲ್ಲ. ಯಾರೂ ಕೊಟ್ಟಿರಲಿಲ್ಲ, ಅವಳೂ ಕೇಳಿರಲಿಲ್ಲ. ಪ್ರಿನ್ಸಿಪಾಲರು ಇಂಗ್ಲಿಷಿನಲ್ಲಿ ಏನೋ ಒಳ್ಳೆಯ ಮಾತಾಡಿ ಕಳಿಸಿದ್ದರಂತೆ.

ಚೀರಬೇಕೆನ್ನಿಸಿತು. ಆದರೆ ಚೀರಬೇಕಾದ್ದು ಅವಳ ಮೇಲಲ್ಲ. ಸ್ಟೂಲು ಸರಿಸಿ ಅವಳನ್ನು ಕೂರಿಸಿದೆ, ಕುಡಿಯಲು ನೀರು ಕೊಟ್ಟೆ. "ಅವರು ಅಂದದ್ದು ನೆನಪಿದ್ದಷ್ಟ ಹೇಳು," ಎಂದು ನಾನೂ ಅವಳ ಎದುರಿಗೆ ಕುಳಿತೆ.